ಬಾಣಂತಿ ವಾರ್ಡಲ್ಲಿ ದಿನಾ ಕೇಳೋ ಪ್ರಶ್ನೆಗಳು: ಹೆರಿಗೆ ಆದ್ಮೇಲೆ ತಾಯಿ, ಮಗು ಇಬ್ರನ್ನೂ ನೋಡ್ಕೊಳ್ಳೋದು ಹೇಗೆ?

ನಾನು ಸರ್ಕಾರಿ ಆಸ್ಪತ್ರೆ ಬಾಣಂತಿ ವಾರ್ಡಲ್ಲಿ ಸ್ಟಾಫ್ ನರ್ಸ್. ಕೆಳಗಿರೋ ಪ್ರಶ್ನೆಗಳೆಲ್ಲ ಬಾಣಂತಿಯರು, ಅವರ ಅಮ್ಮಂದಿರು, ಅತ್ತೆಯರು, ಬಾಗಿಲ ಹತ್ರ ಬ್ಯಾಗ್ ಹಿಡ್ಕೊಂಡು ನಿಂತಿರೋ ಗಂಡಂದಿರು ನಮ್ಮನ್ನ ದಿನಾ ಕೇಳೋವು. ಡಿಸ್ಚಾರ್ಜ್ ಗಡಿಬಿಡೀಲಿ ಎರಡು ಮಾತಲ್ಲಿ ಹೇಳಿ ಕಳಿಸ್ಬೇಕಾಗತ್ತೆ, ಮನೆಗೆ ಹೋದ್ಮೇಲೆ ಅರ್ಧ ಮರ್ತೋಗಿರತ್ತೆ, ಅದಕ್ಕೇ ಇಲ್ಲಿ ಸಾವಕಾಶವಾಗಿ ಬರೀತಿದೀನಿ.

ಹೆರಿಗೆ ಆಗೇ ಹೋಯ್ತಲ್ಲ, ಆಮೇಲೂ ಯಾಕೆ ಪದೇ ಪದೇ ಬಂದು ಹೊಟ್ಟೆ ಒತ್ತಿ ನೋಡ್ತೀರಾ? ನೋವಾಗತ್ತೆ.

ನೋವಾಗತ್ತೆ ಗೊತ್ತು ಕಣಮ್ಮ, ಆದ್ರೂ ಒತ್ತಲೇಬೇಕು. ಹೆರಿಗೆ ಆದ ಮೊದಲ 2 ಗಂಟೆ 15 ನಿಮಿಷಕ್ಕೊಂದ್ಸಲ ಬಂದು ಗರ್ಭಕೋಶ ಗಟ್ಟಿ ಇದೆಯಾ, ನಾಡಿ, ಬಿಪಿ, ಪ್ಯಾಡಲ್ಲಿ ಎಷ್ಟು ರಕ್ತ ಇದೆ ಅಂತ ನೋಡ್ತೀವಿ. ಮಾಸು ಅಂಟ್ಕೊಂಡಿದ್ದ ಜಾಗದಲ್ಲಿ ರಕ್ತನಾಳಗಳೆಲ್ಲ ಬಾಯಿ ತೆರ್ಕೊಂಡಿರತ್ತೆ, ಗರ್ಭಕೋಶದ ಸ್ನಾಯು ಬಿಗಿಯಾಗಿ ಹಿಂಡ್ಕೊಂಡಾಗ ಮಾತ್ರ ಅವು ಮುಚ್ಕೊಳ್ಳೋದು. ಹೊಕ್ಕುಳ ಹತ್ರ ಕೈ ಇಟ್ರೆ ಸುಲಿದ ತೆಂಗಿನಕಾಯಿ ಥರ ಗಟ್ಟಿಯಾಗಿ ಸಿಗಬೇಕು. ಮೆತ್ತಗೆ ಹಿಟ್ಟಿನ ಥರ ಸಿಕ್ತು ಅಂದ್ರೆ ಒಳಗೆ ರಕ್ತ ಹೋಗ್ತಿದೆ ಅಂತ ಅರ್ಥ, ಹೊರಗೆ ಕಾಣದೇ ಇರಬಹುದು. ಮಗು ಹುಟ್ಟಿದ ತಕ್ಷಣ ತೊಡೆಗೆ ಕೊಡೋ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ನೂ ಇದಕ್ಕೇ. ಒಟ್ಟು 500 ಎಂಎಲ್ ಮೇಲೆ ರಕ್ತ ಹೋದ್ರೆ ಅದು ಅಪಾಯದ ಲೆಕ್ಕ, ಮೊದಲೇ ರಕ್ತ ಕಮ್ಮಿ ಇರೋ ಹೆಣ್ಣುಮಗಳಿಗೆ ಅಷ್ಟು ಹೋಗೋವರೆಗೂ ಕಾಯೋ ಹಾಗೇ ಇಲ್ಲ.

ಮೂತ್ರ ಕಟ್ಟಿದ್ರೂ ಗರ್ಭಕೋಶ ಬಿಗಿಯಾಗಲ್ಲ, ತುಂಬಿದ ಮೂತ್ರಚೀಲ ಅದನ್ನ ಮೇಲಕ್ಕೆ ತಳ್ಳಿಬಿಡತ್ತೆ. ಹಂಗಾಗಿ ಹೆರಿಗೆ ಆಗಿ 6 ಗಂಟೆ ಒಳಗೆ ಒಂದ್ಸಲ ಮೂತ್ರಕ್ಕೆ ಹೋಗ್ಲೇಬೇಕು, ಉರಿಯತ್ತೆ ಅಂತ ತಡ್ಕೊಂಡು ಕೂರಬೇಡಿ, ಆಗ್ತಿಲ್ಲ ಅಂದ್ರೆ ನಮಗೆ ಹೇಳಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಗು ಹುಟ್ಟಿದ ತಕ್ಷಣ ಮನೆಯವರೆಲ್ಲ ಮಗು ಸುತ್ತ ನಿಂತ್ಕೊಂಡು ಮೂಗು ಯಾರ ಥರ ಇದೆ, ಬಣ್ಣ ಯಾರದು ಅಂತ ನೋಡ್ತಾ ಇರ್ತಾರೆ, ಫೋಟೋ ತೆಗೀತಾರೆ, ಊರಿಗೆಲ್ಲ ಫೋನ್ ಹೋಗತ್ತೆ, ಮಂಚದ ಮೇಲೆ ಮಲಗಿರೋ ತಾಯಿ ಕಡೆ ಒಬ್ರೂ ತಿರುಗಿ ನೋಡಿರಲ್ಲ. ದಯವಿಟ್ಟು ಒಬ್ರಾದ್ರೂ ಅವಳ ಪಕ್ಕ ಕೂತ್ಕೊಳ್ಳಿ, ಹೊದಿಕೆ ಸರಿಸಿ ಪ್ಯಾಡ್ ನೋಡಿ, ಮುಖ ಬಿಳಿಚ್ಕೊಂಡಿದೆಯಾ, ಬೆವರ್ತಿದಾಳಾ, ಮಾತಾಡ್ಸಿದ್ರೆ ಸರಿಯಾಗಿ ಉತ್ತರ ಕೊಡ್ತಿದಾಳಾ ನೋಡಿ. ಇಡೀ ವಾರ್ಡಿಗೆ ಒಬ್ರೋ ಇಬ್ರೋ ಸಿಸ್ಟರ್ ಇರೋ ರಾತ್ರೀಲಿ ನಿಮ್ಮ ಆ ಎರಡು ಕಣ್ಣು ನಮಗೆ ತುಂಬಾ ದೊಡ್ಡ ಸಹಾಯ.

ಎಷ್ಟು ದಿನ ಮೈಲಿಗೆ ಹೋಗತ್ತೆ? ಯಾವಾಗ ಹೆದರಬೇಕು?

ಮೊದಲ 3-4 ದಿನ ಕೆಂಪು, ಆಮೇಲೆ 10 ದಿನದ ತನಕ ನಸುಗೆಂಪು ಇಲ್ಲ ಕಂದು, ಆಮೇಲೆ ಬಿಳಿಚಾಗಿ ಸ್ವಲ್ಪ ಸ್ವಲ್ಪ, 4ರಿಂದ 6 ವಾರಕ್ಕೆ ನಿಲ್ಲತ್ತೆ. ಮಗು ಹಾಲು ಕುಡಿಯೋವಾಗ ಹೊಟ್ಟೆ ಹಿಂಡಿ ಸ್ವಲ್ಪ ಜಾಸ್ತಿ ಹೋದ್ರೆ ಅದು ಸಹಜ, ಹಾಲುಣಿಸೋವಾಗ ನಿಮ್ಮ ಮೈಯಲ್ಲೇ ಆಕ್ಸಿಟೋಸಿನ್ ಬಿಡುಗಡೆ ಆಗಿ ಗರ್ಭಕೋಶ ಕುಗ್ಗತ್ತೆ. ಒಂದು ಗಂಟೇಲಿ ಒಂದು ಪ್ಯಾಡ್ ಪೂರ್ತಿ ನೆನೆದ್ರೆ, ನಿಂಬೆಹಣ್ಣಿನ ಗಾತ್ರದ ಗಡ್ಡೆ ಗಡ್ಡೆ ಬಿದ್ರೆ, ಬಣ್ಣ ತಿಳಿಯಾದ್ಮೇಲೆ ಮತ್ತೆ ಕೆಂಪಗೆ ಜೋರಾಗಿ ಶುರುವಾದ್ರೆ, ಕೆಟ್ಟ ವಾಸನೆ ಬಂದ್ರೆ ಆಸ್ಪತ್ರೆಗೆ ಬನ್ನಿ. "ಕೆಟ್ಟ ರಕ್ತ ಹೋಗ್ಲಿ ಬಿಡು, ಒಳ್ಳೇದೇ" ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಹೋಗ್ತಿರೋದು ಅವಳ ಜೀವ ಉಳಿಸೋ ರಕ್ತ.

ಬಾಣಂತಿ ನೀರು ಕುಡಿದ್ರೆ ಹೊಟ್ಟೆ ಬರತ್ತಂತೆ, ಮಗುಗೆ ಶೀತ ಆಗತ್ತಂತೆ, ನಿಜಾನಾ?

ನಿಜ ಅಲ್ಲ. ನಾನು ಅತಿ ಹೆಚ್ಚು ಸಲ ಉತ್ತರ ಕೊಟ್ಟಿರೋ ಪ್ರಶ್ನೆ ಇದೇ ಇರಬೇಕು. ದಿನಕ್ಕೆ ಎರಡೇ ಲೋಟ ಬಿಸಿನೀರು, ಅದೂ ಊಟ ಆಗಿ ಒಂದು ಗಂಟೆ ಬಿಟ್ಟು ಅಂತ ಅಳತೆ ಮಾಡಿ ಕೊಡೋ ಮನೆಗಳು ಈಗಲೂ ಇವೆ. ಆ ಹುಡುಗಿ ತುಟಿ ಒಣಗಿರತ್ತೆ, ಮೂತ್ರ ಹಳದಿ ಆಗಿ ಉರಿ ಬಂದಿರತ್ತೆ, ಮಲ ಕಟ್ಟಿ ಹೊಲಿಗೆ ಮೇಲೆ ಒತ್ತಡ ಬಿದ್ದಿರತ್ತೆ. ಹೊಟ್ಟೆ ಮುಂದೆ ಬಂದಿರೋದು ನೀರಿನಿಂದಲ್ಲ, ಒಂಬತ್ತು ತಿಂಗಳು ಹಿಗ್ಗಿದ ಸ್ನಾಯು ಸಡಿಲ ಆಗಿರತ್ತೆ, ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರೋಕೇ 6 ವಾರ ಬೇಕು. ಬಾಣಂತಿ ಮೈಯಲ್ಲಿ ರಕ್ತ ಹೆಪ್ಪುಗಟ್ಟೋ ಗುಣ ಮೊದಲೇ ಜಾಸ್ತಿ, ಅದರ ಮೇಲೆ ನೀರೂ ಕಮ್ಮಿ, ಓಡಾಟಾನೂ ಇಲ್ಲ ಅಂದ್ರೆ ಕಾಲಿನ ರಕ್ತನಾಳದಲ್ಲಿ ರಕ್ತ ಗಡ್ಡೆ ಕಟ್ಟೋ ಅಪಾಯ ಇದೆ. ಅದಕ್ಕೇ ಎಬ್ಬಿಸಿ ನಡೆಸೋದು, ಅದಕ್ಕೇ ನೀರು ಕುಡೀರಿ ಅನ್ನೋದು.

ಅಜ್ಜಿಯರ ಹತ್ರ ನಾನು ಜಗಳ ಆಡಲ್ಲ. "ಅಜ್ಜಿ, ನೀವು ಹೇಳಿದ ಹಾಗೇ ಬಿಸಿನೀರೇ ಕೊಡಿ, ಜೀರಿಗೆ ಹಾಕಿ ಕಾಯಿಸಿಯೇ ಕೊಡಿ, ಆದ್ರೆ ಅಳತೆ ಮಾತ್ರ ಬೇಡ, ಮಗು ಒಂದೊಂದ್ಸಲ ಹಾಲು ಕುಡಿಯೋವಾಗ್ಲೂ ತಾಯಿ ಪಕ್ಕ ಒಂದು ಲೋಟ ಇಡಿ" ಅಂತೀನಿ. ಹಂಗಂದ್ರೆ ಬಹಳಷ್ಟು ಜನ ಒಪ್ತಾರೆ. ಅವರಿಗೆ ಬೇಕಿರೋದೂ ಮಗಳು ಚೆನ್ನಾಗಿರೋದೇ ಅಲ್ವಾ.

ಪಥ್ಯ ಎಷ್ಟು ದಿನ? ಏನು ತಿನ್ನಬಹುದು?

ಅನ್ನ, ಮೆಣಸಿನ ಸಾರು, ಅಷ್ಟೇ ಅಂತ ತಿಂಗಳುಗಟ್ಟಲೆ ಕೊಟ್ರೆ ಅವಳಿಗೆ ಶಕ್ತಿ ಎಲ್ಲಿಂದ ಬರ್ಬೇಕು ಹೇಳಿ? ಹಾಲೂಡೋ ತಾಯಿಗೆ ಬಸುರಿ ಇದ್ದಾಗಿಗಿಂತ ಜಾಸ್ತಿ ಊಟ ಬೇಕು. ನಮ್ಮ ಬಾಣಂತನದ ಅಡುಗೇಲಿ ನಿಜವಾಗ್ಲೂ ಒಳ್ಳೇವು ಬೇಕಾದಷ್ಟಿವೆ: ಉತ್ತರ ಕರ್ನಾಟಕದ ಅಂಟಿನುಂಡೆ, ಅಳವಿ ಪಾಯಸ, ಒಣಕೊಬ್ಬರಿ ಉತ್ತತ್ತಿ, ನಮ್ಮ ಕಡೆ ಸಬ್ಬಸಿಗೆ ಸೊಪ್ಪಿನ ಪಲ್ಯ, ಮೆಂತ್ಯದ ಗಂಜಿ, ಬೆಳ್ಳುಳ್ಳಿ ಹಾಕಿದ ಸಾರು, ತುಪ್ಪ. ಇವನ್ನೆಲ್ಲ ಬಿಡಿ ಅಂತ ಯಾರೂ ಹೇಳ್ತಿಲ್ಲ. ಅದರ ಜೊತೆ ರಾಗಿ ಮುದ್ದೆ, ಬೇಳೆ, ಹಸಿರು ಸೊಪ್ಪು, ಮೊಟ್ಟೆ, ಹಾಲು ಮೊಸರು, ತಿನ್ನೋರಾದ್ರೆ ಮಾಂಸ ಮೀನು, ಹಣ್ಣು. ಬಾಳೆಹಣ್ಣು ತಿಂದ್ರೆ ಮಗುಗೆ ಕೆಮ್ಮಾಗತ್ತೆ, ಬದನೆಕಾಯಿ ನಂಜು, ಕುಂಬಳಕಾಯಿ ಶೀತ ಅಂತ ಒಂದೊಂದೇ ತೆಗೀತಾ ಹೋದ್ರೆ ಕೊನೆಗೆ ತಟ್ಟೇಲಿ ಅನ್ನ ಮಾತ್ರ ಉಳಿಯತ್ತೆ.

ಬಾಣಂತಿ ಮಂಚದ ಕೆಳಗೆ ಕೆಂಡ ಇಡೋ ಪದ್ಧತಿ ಬಗ್ಗೆನೂ ಇಲ್ಲೇ ಹೇಳ್ಬಿಡ್ತೀನಿ. ಕಿಟಕಿ ಬಾಗಿಲು ಮುಚ್ಚಿ ಇದ್ದಿಲ ಕೆಂಡ ಇಟ್ರೆ ಕಾರ್ಬನ್ ಮಾನಾಕ್ಸೈಡ್ ತುಂಬ್ಕೊಳ್ಳತ್ತೆ, ಅದಕ್ಕೆ ವಾಸನೆ ಇಲ್ಲ, ಮಲಗಿದ್ದೋರು ಮಲಗಿದ್ದಲ್ಲೇ ಹೋಗಿಬಿಡ್ತಾರೆ. ಬೆಚ್ಚಗಿರಬೇಕು ನಿಜ, ಅದಕ್ಕೆ ಕಂಬಳಿ, ಸಾಕ್ಸ್, ಸ್ವೆಟರ್ ಸಾಕು. ರೂಮಿಗೆ ಗಾಳಿ ಬೆಳಕು ಬರ್ಲಿ.

ಮೊದಲ ದಿನದ ಹಳದಿ ಹಾಲು ಹಿಂಡಿ ಚೆಲ್ಲಬೇಕು ಅಂತಾರಲ್ಲ? ಅಲ್ಲಿವರೆಗೆ ಜೇನುತುಪ್ಪ ನೆಕ್ಕಿಸಬಹುದಾ?

ಹಸು ಕರು ಹಾಕಿದ್ರೆ ಗಿಣ್ಣು ಹಾಲು ಮೊದಲು ಕರುಗೆ ಬಿಡಬೇಕು, ಬಿಡದಿದ್ರೆ ಕರು ಏಳಿಗೆ ಆಗಲ್ಲ ಅಂತ ಹಳ್ಳೀಲಿ ಸಣ್ಣ ಹುಡುಗನಿಗೂ ಗೊತ್ತು. ನಿಮ್ಮ ಎದೇಲಿ ಬರೋ ಹಳದಿ ಮಂದ ಹಾಲೂ ಗಿಣ್ಣೇ. ರೋಗ ತಡೆಯೋ ಶಕ್ತಿಯೆಲ್ಲ ಅದರಲ್ಲಿದೆ, ಒಂಥರಾ ಮಗುವಿನ ಮೊದಲ ಲಸಿಕೆ ಅಂತಲೇ ಅನ್ಕೊಳ್ಳಿ. ಹುಟ್ಟಿದ 1 ಗಂಟೆ ಒಳಗೆ ಎದೆಗೆ ಹಾಕಿ. ಮೊದಲ ದಿನ ಮಗು ಹೊಟ್ಟೆ ಎಷ್ಟು ಚಿಕ್ಕದು ಅಂದ್ರೆ ಒಂದ್ಸಲಕ್ಕೆ 5-7 ಎಂಎಲ್ ಹಿಡಿಯತ್ತೆ, ಒಂದು ಟೀ ಚಮಚ ಅಷ್ಟೇ. ಹಾಲು ಬರ್ತಿಲ್ಲ ಅಂತ ನಿಮಗೆ ಕಾಣೋ ಆ ನಾಲ್ಕು ಹನಿ ಅದಕ್ಕೆ ಹೊಟ್ಟೆತುಂಬ ಊಟ.

ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ, ಬಜೆ ತೇದಿದ್ದು, ಕತ್ತೆ ಹಾಲು, ಗ್ರೈಪ್ ವಾಟರ್ ಇದ್ಯಾವುದೂ ಬೇಡ. ಜೇನುತುಪ್ಪದಲ್ಲಿ ಬಾಟುಲಿಸಂ ತರೋ ರೋಗಾಣು ಇರಬಹುದು, 1 ವರ್ಷ ತುಂಬೋವರೆಗೂ ಕೊಡಬಾರ್ದು. 6 ತಿಂಗಳು ಬರೀ ಎದೆಹಾಲು, ನೀರು ಕೂಡ ಬೇಡ, ಬೇಸಿಗೇಲೂ ಬೇಡ. ಡಾಕ್ಟರ್ ಬರ್ಕೊಟ್ಟ ಡ್ರಾಪ್ಸ್ ಬೇರೆ ವಿಷಯ.

ಸಿಸೇರಿಯನ್ ಆದೋರಿಗೆ ಹಾಲು ಲೇಟಾಗಿ ಬರತ್ತಾ?

ಸ್ವಲ್ಪ ತಡ ಆಗಬಹುದು, ಬರದೇ ಇರಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ ಆಪರೇಷನ್ ಆದ್ರೆ ತಾಯಿಗೆ ಎಚ್ಚರ ಇರತ್ತೆ, ರಿಕವರೀಲೇ ಒಬ್ರು ಮಗು ಹಿಡ್ಕೊಂಡು ಎದೆಗೆ ಹಚ್ಚಿಸಬಹುದು. ಪಕ್ಕಕ್ಕೆ ತಿರುಗಿ ಮಲಗಿ ಕುಡಿಸಿ, ಇಲ್ಲಾ ಮಗುನ ಕಂಕುಳ ಕೆಳಗೆ ಬಿಂದಿಗೆ ಹಿಡ್ಕೊಂಡ ಹಾಗೆ ಹಿಡ್ಕೊಂಡ್ರೆ ಹೊಲಿಗೆ ಮೇಲೆ ಭಾರ ಬೀಳಲ್ಲ. ನಿಮಗೆ ಕೊಡೋ ಪ್ಯಾರಾಸಿಟಮಾಲ್ ಥರದ ನೋವಿನ ಮಾತ್ರೆಯಿಂದ ಹಾಲು ಕೆಡಲ್ಲ. ಡಾಕ್ಟರ್ ಬೇಡ ಅನ್ನದಿದ್ರೆ 24 ಗಂಟೆ ಒಳಗೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಕೆಮ್ಮು ಬಂದ್ರೆ ಹೊಟ್ಟೆಗೆ ದಿಂಬು ಒತ್ತಿ ಹಿಡ್ಕೊಂಡು ಕೆಮ್ಮಿ.

ಹಾಲು ಸಾಕಾಗ್ತಿದೆಯಾ ಅಂತ ಹೇಗೆ ಗೊತ್ತಾಗತ್ತೆ? ಮಗು ಅಳ್ತಾನೇ ಇರತ್ತೆ.

ಅಳು ನೋಡಿ ಲೆಕ್ಕ ಹಾಕ್ಬೇಡಿ, ಮೂತ್ರ ನೋಡಿ ಲೆಕ್ಕ ಹಾಕಿ. 5ನೇ ದಿನದ ಮೇಲೆ ದಿನಕ್ಕೆ 6 ಸಲಕ್ಕಿಂತ ಜಾಸ್ತಿ ತಿಳಿ ಮೂತ್ರ ಮಾಡ್ತಿದ್ರೆ, ಕಪ್ಪು ಮಲ ಹೋಗಿ ಸಾಸಿವೆ ಬಣ್ಣದ ಮಲ ಬಂದಿದ್ರೆ, ಕುಡಿದಾದ್ಮೇಲೆ ಕೈ ಸಡಿಲ ಬಿಟ್ಟು ಮಲಗ್ತಿದ್ರೆ ಸಾಕಾಗ್ತಿದೆ. ಮೊದಲ ವಾರ ತೂಕ ಇಳಿಯೋದು ಸಹಜ, 3 ಕೆಜಿ ಇದ್ದ ಮಗು 2.7ರ ತನಕ ಇಳೀಬಹುದು, ಅದಕ್ಕಿಂತ ಕೆಳಗೆ ಹೋದ್ರೆ ತೋರಿಸಿ. ಎರಡು ವಾರಕ್ಕೆ ಹುಟ್ಟಿದ ತೂಕಕ್ಕೆ ವಾಪಸ್ ಬರ್ಬೇಕು.

24 ಗಂಟೇಲಿ 8ರಿಂದ 12 ಸಲ, ರಾತ್ರೀನೂ ಸೇರಿ. ಅಳೋವರೆಗೆ ಕಾಯ್ಬೇಡಿ, ಬಾಯಿ ಚಪ್ಪರಿಸೋದು, ಕೈ ಬಾಯಿಗೆ ತರೋದು, ತಲೆ ಆ ಕಡೆ ಈ ಕಡೆ ತಿರುಗಿಸಿ ಹುಡುಕೋದು ಇದೆಲ್ಲ ಹಸಿವಿನ ಸೂಚನೆ, ಅಳು ಕೊನೇದು. ತೊಟ್ಟು ಮಾತ್ರ ಬಾಯಿಗಿಟ್ರೆ ಸಾಲದು, ಬಾಯಿ ದೊಡ್ಡದಾಗಿ ತೆರೆದಾಗ ಸುತ್ತಲ ಕಪ್ಪು ಭಾಗ ಕೂಡ, ಅದರಲ್ಲೂ ಕೆಳಗಿನ ಭಾಗ ಜಾಸ್ತಿ, ಒಳಗೆ ಹೋಗ್ಬೇಕು. ಗಲ್ಲ ಎದೆಗೆ ತಾಗಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು. ತೊಟ್ಟು ಒಡೆಯೋದು ಬಹಳ ಸಲ ಹಿಡ್ಕೊಳ್ಳೋದು ಸರಿ ಇಲ್ಲದೇ ಇರೋದ್ರಿಂದಲೇ. ಒಡೆದಿದ್ರೆ ಕೊನೇಲಿ ಬರೋ ಹಾಲು ಒಂದು ಹನಿ ಹಚ್ಚಿ ಗಾಳಿಗೆ ಒಣಗಿಸಿ, ಸೋಪು ಹಾಕ್ಬೇಡಿ.

ಹಾಲು ಕಟ್ಟಿ ಎದೆ ಕಲ್ಲಾದಾಗ ಕುಡಿಸೋದು ನಿಲ್ಲಿಸಬೇಡಿ, ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಟ್ಟು ಕೈಯಲ್ಲಿ ಸ್ವಲ್ಪ ಹಿಂಡಿ ಮೆತ್ತಗೆ ಮಾಡಿ ಆಮೇಲೆ ಮಗುಗೆ ಕೊಡಿ. ಒಂದು ಕಡೆ ಕೆಂಪಾಗಿ, ಚಳಿ ಜ್ವರ ಬಂದ್ರೆ ಮಾತ್ರ ಅವತ್ತೇ ಬನ್ನಿ, ಕೀವಾಗೋಕೆ ಮೊದಲೇ ಮಾತ್ರೇಲಿ ವಾಸಿ ಆಗತ್ತೆ.

ಡಬ್ಬಿ ಹಾಲಿನ ಬಗ್ಗೆ: ಅದರ ಜಾಹೀರಾತು, ಫ್ರೀ ಸ್ಯಾಂಪಲ್ ಕೊಡೋದು ಇವೆಲ್ಲ 1992ರ ಕಾಯ್ದೆ ಪ್ರಕಾರ ನಮ್ಮ ದೇಶದಲ್ಲಿ ನಿಷೇಧ. ಯಾರಾದ್ರೂ ಬೆಡ್ ಹತ್ರ ತಂದುಕೊಟ್ರೆ ತಗೋಬೇಡಿ. ನಿಜವಾಗ್ಲೂ ಬೇಕಾದ ಸಂದರ್ಭ ಇರತ್ತೆ, ಆಗ ಡಾಕ್ಟರ್ ಹೇಳ್ತಾರೆ, ಬಾಟ್ಲಿ ಬೇಡ, ಒಳಲೆ ಇಲ್ಲ ಚಮಚದಲ್ಲಿ ಕುಡಿಸಿ.

ಹೊಕ್ಕುಳಿಗೆ ಏನು ಹಚ್ಚಬೇಕು?

ಏನೂ ಬೇಡ. ಅರಿಶಿನ, ಬೂದಿ, ಎಣ್ಣೆ, ಪೌಡರ್ ಯಾವುದೂ ಬೇಡ. ಒಣಗಿರ್ಲಿ, ಡೈಪರ್ ಅದರ ಕೆಳಗೆ ಕಟ್ಟಿ. 5ರಿಂದ 15 ದಿನದೊಳಗೆ ತಾನೇ ಬೀಳತ್ತೆ. ಸುತ್ತ ಕೆಂಪಾದ್ರೆ, ಕೀವು, ವಾಸನೆ, ರಕ್ತ ಬಂದ್ರೆ ತೋರಿಸಿ.

ಮಗುಗೆ ಸ್ನಾನ ಯಾವಾಗ? ನಮ್ಮಲ್ಲಿ ನೀರು ಹಾಕೋ ಅಜ್ಜಿ ಬರ್ತಾರೆ.

ಹುಟ್ಟಿದ ಮೊದಲ 24 ಗಂಟೆ ಬೇಡವೇ ಬೇಡ. ಮೈ ಮೇಲಿರೋ ಬಿಳಿ ಬೆಣ್ಣೆ ಥರದ ಪದರ ಕೊಳೆ ಅಲ್ಲ, ಅದು ಚರ್ಮ ಕಾಪಾಡತ್ತೆ, ತಿಕ್ಕಿ ತೆಗೀಬೇಡಿ. ಹೊಕ್ಕುಳು ಬೀಳೋ ತನಕ ಒದ್ದೆ ಬಟ್ಟೇಲಿ ಒರೆಸಿದ್ರೂ ಸಾಕು. ತೂಕ ಕಮ್ಮಿ ಇರೋ ಮಗು ಆದ್ರೆ ಡಾಕ್ಟರ್ ಹೇಳೋವರೆಗೆ ಸ್ನಾನ ಮುಂದಕ್ಕೆ ಹಾಕಿ.

ನೀರು ಹಾಕೋ ಅಜ್ಜಿಯರ ಕೈಯಲ್ಲಿ ಒಂದು ಹದ ಇರತ್ತೆ, ಕಾಲು ಚಾಚಿ ಕೂತು ಮಗುನ ಕಾಲ ಮೇಲೆ ಮಲಗಿಸ್ಕೊಂಡು ಕೊಬ್ಬರಿ ಎಣ್ಣೆ ಹಚ್ಚಿ ನೀವೋದು ಮಗುಗೂ ಹಿತ, ನಾನು ಅದನ್ನ ಬೇಡ ಅನ್ನಲ್ಲ. ಕೆಲವು ಮಾತ್ರ ಕೈ ಮುಗಿದು ಕೇಳ್ಕೊಳ್ತೀನಿ, ಮಾಡ್ಬೇಡಿ: ಕುದಿಯೋ ಬಿಸಿ ನೀರು ಬೇಡ, ಮೊಣಕೈ ಅದ್ದಿ ನೋಡಿ, ಮೂಗು ಕಿವಿಗೆ ಎಣ್ಣೆ ಬಿಡೋದು, ಬಾಯಿಂದ ಊದೋದು ಬೇಡ, ಗಂಟಲಿಗೆ ಬೆರಳು ಹಾಕಿ ಕಫ ತೆಗೆಯೋದು ಬೇಡ, ತಲೆ ಗುಂಡಗಾಗ್ಲಿ, ಮೂಗು ನೆಟ್ಟಗಾಗ್ಲಿ ಅಂತ ಒತ್ತೋದು ಬೇಡ. ಸಾಂಬ್ರಾಣಿ ಹೊಗೆ ಹಾಕಿದ್ರೆ ಆ ಪುಟ್ಟ ಶ್ವಾಸಕೋಶಕ್ಕೆ ತಡೆಯಲ್ಲ. ಕಣ್ಣಿಗೆ ಕಾಡಿಗೆ ಬೇಡ, ಕೆಲವು ಕಾಡಿಗೇಲಿ ಸೀಸ ಇರತ್ತೆ, ಸೋಂಕೂ ಆಗತ್ತೆ. ದೃಷ್ಟಿ ಬೊಟ್ಟು ಇಡಲೇಬೇಕು ಅಂತಿದ್ರೆ ಅಂಗಾಲಿಗೆ ಇಡಿ.

ಇನ್ನೊಂದು, ಬಹಳ ಮುಖ್ಯ. ಹುಟ್ಟಿದ ಕೆಲವು ದಿನಕ್ಕೆ ಗಂಡಾಗ್ಲಿ ಹೆಣ್ಣಾಗ್ಲಿ ಮಗು ಎದೆ ಊದ್ಕೊಳ್ಳತ್ತೆ, ಒಂದೊಂದ್ಸಲ ಹಾಲಿನ ಥರ ಬರತ್ತೆ. ಅದು ತಾಯಿ ಹಾರ್ಮೋನಿಂದ, ಕೆಲವು ವಾರಕ್ಕೆ ತಾನೇ ಇಳಿಯತ್ತೆ. ಅದನ್ನ ಹಿಂಡಿ ತೆಗೀತಾರೆ, ಆಮೇಲೆ ಅಲ್ಲಿ ಕೀವು ಗಡ್ಡೆ ಆಗಿ ಕೊಯ್ದು ತೆಗೀಬೇಕಾಗತ್ತೆ. ದಯವಿಟ್ಟು ಮುಟ್ಟಬೇಡಿ. ಹೆಣ್ಣು ಮಗುಗೆ ಮೊದಲ ವಾರದಲ್ಲಿ ಒಂದೆರಡು ತೊಟ್ಟು ರಕ್ತ ಕಂಡ್ರೂ ಅದೇ ಕಾರಣ, ಹೆದರಬೇಡಿ.

ಮಗು ಹಳದಿ ಆಗಿದೆ. ಬೆಳಗ್ಗೆ ಬಿಸಿಲಿಗೆ ಹಿಡಿದ್ರೆ ಸಾಕಾ?

2-3ನೇ ದಿನ ಮುಖದಲ್ಲಿ ಹಳದಿ ಕಾಣಿಸಿ ವಾರದಲ್ಲಿ ಇಳಿದ್ರೆ ಬಹುತೇಕ ಮಕ್ಕಳಿಗೆ ತೊಂದರೆ ಇಲ್ಲ. ಹುಟ್ಟಿದ 24 ಗಂಟೆ ಒಳಗೇ ಹಳದಿ ಬಂದ್ರೆ, ಅಂಗೈ ಅಂಗಾಲಿಗೆ ಇಳಿದ್ರೆ, ಮಗು ಮಂಕಾಗಿ ಹಾಲು ಬಿಟ್ರೆ ಒಂದು ನಿಮಿಷಾನೂ ಕಾಯ್ಬೇಡಿ, ಆ ಹಳದಿ ಮೆದುಳಿಗೆ ಏರಿದ್ರೆ ಆಮೇಲೆ ವಾಪಸ್ ತರೋಕಾಗಲ್ಲ. ಬಿಸಿಲು ಇದಕ್ಕೆ ಚಿಕಿತ್ಸೆ ಅಲ್ಲ, ಎಷ್ಟು ಬೆಳಕು ಬೀಳತ್ತೆ ಅನ್ನೋ ಅಳತೆ ಇಲ್ಲ, ಮಗು ಒಂದೋ ತಣ್ಣಗಾಗತ್ತೆ ಇಲ್ಲ ಸುಡತ್ತೆ. ನೀಲಿ ಬೆಳಕಿನ ಫೋಟೋಥೆರಪಿ ಬೇಕು, ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸ್ತೀವಿ, ಮಧ್ಯ ಮಧ್ಯ ಹಾಲು ಕುಡಿಸೋಕೆ ಕೊಡ್ತೀವಿ.

ಈ ಬೆಳಕಿನ ಚಿಕಿತ್ಸೆ ಶುರುವಾಗಿದ್ದು ಒಬ್ರು ಸಿಸ್ಟರ್ ಕಣ್ಣಿಂದ ಅನ್ನೋದು ನನಗೆ ಬಹಳ ಇಷ್ಟದ ವಿಷಯ. ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ವಾರ್ಡ್ ಅನ್ನೋ ಹೆಸರಿನ ಸಿಸ್ಟರ್ ಒಬ್ರು ದಿನ ತುಂಬದ ಮಕ್ಕಳನ್ನ ಹೊರಗೆ ಅಂಗಳಕ್ಕೆ ಕರ್ಕೊಂಡು ಹೋಗ್ತಿದ್ರು. 1956ರಲ್ಲಿ ಒಂದು ಮಗುವಿನ ಬಟ್ಟೆ ಬಿಚ್ಚಿ ಡಾಕ್ಟರುಗಳಿಗೆ ತೋರಿಸಿದ್ರು, ಬೆಳಕು ಬಿದ್ದ ಕಡೆ ಹಳದಿ ತೆಳುವಾಗಿತ್ತು, ಬಟ್ಟೆ ಮುಚ್ಚಿದ್ದ ಕಡೆ ಹಾಗೇ ಇತ್ತು. ಅದನ್ನ ಹಿಡ್ಕೊಂಡು ಡಾಕ್ಟರುಗಳು 1958ರಲ್ಲಿ ಬೆಳಕಿನ ಯಂತ್ರದ ಬಗ್ಗೆ ಬರೆದ್ರು. ಮಗುವಿನ ಮೈ ಬಣ್ಣ ದಿನಾ ಬೆಳಕಲ್ಲಿ ಬಟ್ಟೆ ಬಿಚ್ಚಿ ನೋಡಿ ಅಂತ ನಾನು ಹೇಳೋದು ಇದಕ್ಕೇ, ಕತ್ತಲೆ ಕೋಣೇಲಿ ಹಳದಿ ಕಾಣಲ್ಲ.

ನಮ್ಮ ಮಗು 1.9 ಕೆಜಿ. ಪೆಟ್ಟಿಗೇಲಿ (ಇನ್‌ಕ್ಯುಬೇಟರಲ್ಲಿ) ಇಡಬೇಕಾ?

2.5 ಕೆಜಿಗಿಂತ ಕಮ್ಮಿ ಇದ್ರೆ ತೂಕ ಕಮ್ಮಿ ಮಗು. ಉಸಿರಾಟ ಸರಿ ಇಲ್ಲದಿದ್ರೆ, ಹಾಲು ಎಳೀದಿದ್ರೆ ಎಳೇ ಮಕ್ಕಳ ವಿಶೇಷ ಆರೈಕೆ ಘಟಕ, ಅಂದ್ರೆ ಎಸ್‌ಎನ್‌ಸಿಯುಗೆ ಹೋಗ್ಬೇಕು. ಚೆನ್ನಾಗಿದ್ರೆ ಅದಕ್ಕೆ ತಾಯಿ ಎದೆಯೇ ಸರಿಯಾದ ಪೆಟ್ಟಿಗೆ. ಕಾಂಗರೂ ಆರೈಕೆ ಅಂತೀವಿ: ಮಗುಗೆ ಟೋಪಿ, ಸಾಕ್ಸ್, ಡೈಪರ್ ಬಿಟ್ಟು ಬೇರೇನೂ ಹಾಕದೆ ತಾಯಿಯ ಬರಿ ಎದೆಗೆ ನೆಟ್ಟಗೆ, ಕಪ್ಪೆ ಥರ ಕಾಲು ಮಡಚಿ, ಮುಖ ಒಂದು ಪಕ್ಕಕ್ಕೆ ತಿರುಗಿಸಿ ಅವುಚಿ, ಮೇಲೆ ಸೀರೆ ಇಲ್ಲ ಬಟ್ಟೆ ಸುತ್ತಿ ಕಟ್ಟೋದು. ಒಂದ್ಸಲಕ್ಕೆ 1 ಗಂಟೆಗಿಂತ ಕಮ್ಮಿ ಬೇಡ, ದಿನಕ್ಕೆ ಎಷ್ಟು ಹೆಚ್ಚು ಗಂಟೆ ಆದ್ರೆ ಅಷ್ಟು ಒಳ್ಳೇದು. ತಾಯಿಗೆ ಸುಸ್ತಾದ್ರೆ ಅಪ್ಪ ಶರ್ಟ್ ಬಿಚ್ಚಿ ಕೂರ್ಲಿ, ಅಜ್ಜಿ ಕೂರ್ಲಿ.

ಇದು ಬಡವರಿಗೆ ಹೇಳೋ ಸಮಾಧಾನ ಅಂತ ಕೆಲವರು ಬೇಜಾರು ಮಾಡ್ಕೊಳ್ತಾರೆ, ಹಂಗಲ್ಲ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಡಾಕ್ಟರ್ ಎಡ್ಗರ್ ರೇ ಶುರು ಮಾಡಿದ್ದು ನಿಜ, ಆದ್ರೆ ಆಮೇಲೆ ಭಾರತವೂ ಸೇರಿ ಐದು ದೇಶದ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1ರಿಂದ 1.8 ಕೆಜಿ ಮಕ್ಕಳಿಗೆ ಹುಟ್ಟಿದ ಕೂಡ್ಲೇ ಇದನ್ನ ಶುರು ಮಾಡಿದ್ರೆ ಸಾವು ಸುಮಾರು ಕಾಲು ಭಾಗ ಕಮ್ಮಿ ಆಗತ್ತೆ ಅಂತ ಕಂಡುಬಂತು. ನಮ್ಮಲ್ಲೇ ಕೊಪ್ಪಳ ಜಿಲ್ಲೇಲಿ ಆಸ್ಪತ್ರೆಯಿಂದ ಮನೆವರೆಗೂ ಇದನ್ನ ಮಾಡಿಸಿ ತೋರಿಸಿದಾರೆ.

ಮಗುಗೆ ಏನೇನಾದ್ರೆ ತಕ್ಷಣ ಓಡ್ಬರಬೇಕು?

ಚೆನ್ನಾಗಿ ಕುಡೀತಿದ್ದ ಮಗು ಹಾಲು ಬಿಡೋದು ಎಲ್ಲಕ್ಕಿಂತ ದೊಡ್ಡ ಸೂಚನೆ. ಮಲಗಿದ್ದಾಗ ಎಣಿಸಿದ್ರೆ ನಿಮಿಷಕ್ಕೆ 60 ಇಲ್ಲ ಅದಕ್ಕಿಂತ ಜಾಸ್ತಿ ಉಸಿರು, ಪಕ್ಕೆ ಒಳಗೆ ಸೆಳೆಯೋದು, ನರಳೋದು, ತುಟಿ ನೀಲಿ ಆಗೋದು, ಫಿಟ್ಸು, ಮೈ ಬಿಸಿ ಆಗೋದು. ಮೈ ತಣ್ಣಗಾಗೋದೂ ಅಷ್ಟೇ ಅಪಾಯ, ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ರೂ ಚಳಿ ಆಗ್ತಿದೆ ಅಂತ ಲೆಕ್ಕ, ಎದೆಗೆ ಅವುಚ್ಕೊಳ್ಳಿ. ಕಂಕುಳಲ್ಲಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಹಸಿರು ವಾಂತಿ, ಮೊದಲ 24 ಗಂಟೇಲಿ ಕಪ್ಪು ಮಲ ಆಗದೇ ಇದ್ರೆ, 48 ಗಂಟೇಲಿ ಮೂತ್ರ ಆಗದೇ ಇದ್ರೆ ಹೇಳಿ. ಬಾಲಗ್ರಹ ಅಂತ ತಾಯತ ಕಟ್ಟಿಸೋಕೆ ಹೋಗಿ ಒಂದು ರಾತ್ರಿ ಕಳೆದ್ರೆ ಆ ಒಂದು ರಾತ್ರಿಯೇ ದುಬಾರಿ. ಬಿಕ್ಕಳಿಕೆ, ಸೀನು, ಹಾಲು ಸ್ವಲ್ಪ ಕಕ್ಕೋದು ಇವಕ್ಕೆಲ್ಲ ಹೆದರಬೇಡಿ.

ಬಾಣಂತಿಗೆ ಬಿಪಿ ಇತ್ತು, ಹೆರಿಗೆ ಆದ್ಮೇಲೆ ಹೋಗತ್ತಲ್ವಾ? ಬಾಣಂತಿ ಸನ್ನಿ ಅಂದ್ರೆ ಏನು?

ಬಿಪಿ ತಕ್ಷಣ ಹೋಗಲ್ಲ, 3ರಿಂದ 6ನೇ ದಿನದಲ್ಲಿ ಇನ್ನೂ ಏರಬಹುದು, ಮೊದಲು ಇಲ್ಲದೇ ಇದ್ದೋರಿಗೂ ಬರಬಹುದು. ಜೋರು ತಲೆನೋವು, ಕಣ್ಣು ಮಂಜಾಗೋದು, ಎದೆಗೂಡಿನ ಕೆಳಗೆ ನೋವು ಬಂದ್ರೆ ಫಿಟ್ಸ್ ಬರೋಕೆ ಮೊದಲೇ ಬನ್ನಿ. ಮಾತ್ರೆ ನೀವೇ ನಿಲ್ಲಿಸಬೇಡಿ.

ಹಳೇ ಕಾಲದೋರು ಸನ್ನಿ ಅಂತ ಒಂದೇ ಹೆಸರಲ್ಲಿ ಕರೀತಿದ್ದುದರಲ್ಲಿ ಮೂರು ಬೇರೆ ಬೇರೆ ಕಾಯಿಲೆ ಇವೆ: ಬಿಪಿಯಿಂದ ಬರೋ ಫಿಟ್ಸು, ಗರ್ಭಕೋಶದ ಸೋಂಕಿಂದ ಬರೋ ಜ್ವರ, ಮತ್ತೆ ಮನಸ್ಸಿನ ಕಾಯಿಲೆ. ಮೂರಕ್ಕೂ ಚಿಕಿತ್ಸೆ ಇದೆ. 100.4 ಡಿಗ್ರಿ ಫ್ಯಾರನ್‌ಹೀಟ್ ಮೇಲೆ ಜ್ವರ ಇದ್ರೆ ಅದು ಹಾಲಿನ ಜ್ವರ ಅಂತ ಮನೇಲೇ ತೀರ್ಮಾನ ಮಾಡ್ಬೇಡಿ. ಒಂದೇ ಕಾಲು ಊದ್ಕೊಂಡು ಮೀನಖಂಡ ನೋವು ಬಂದ್ರೆ, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದ್ರೆ ಎಮರ್ಜೆನ್ಸಿ.

ಮಗಳು ಸುಮ್ಸುಮ್ನೆ ಅಳ್ತಾಳೆ, ಮಗು ಕಡೆ ನೋಡೋದೇ ಇಲ್ಲ. ಕೊಬ್ಬಾ?

ಖಂಡಿತ ಅಲ್ಲಮ್ಮ. 3-5ನೇ ದಿನ ಹಾರ್ಮೋನ್ ಇಳಿದು ಕಾರಣ ಇಲ್ಲದೆ ಅಳು ಬರತ್ತೆ, ಎಷ್ಟೋ ಜನಕ್ಕೆ ಆಗತ್ತೆ, 2 ವಾರದಲ್ಲಿ ಹೋಗತ್ತೆ. ಅವಳಿಗೆ ನಿದ್ದೆ ಕೊಡಿ, ಮಗುನ ನೀವು ಎತ್ಕೊಳ್ಳಿ, ಹೆಣ್ಣು ಹುಟ್ತು ಅನ್ನೋ ಮಾತು ಅವಳ ಕಿವಿಗೆ ಬೀಳ್ದಿರಲಿ. ಎರಡನೇ ಸಲಾನೂ ಹೆಣ್ಣಾದಾಗ ನೋಡೋಕೂ ಯಾರೂ ಬರದೆ ಗೋಡೆ ಕಡೆ ಮುಖ ಮಾಡಿ ಮಲಗಿರೋ ತಾಯಂದಿರನ್ನ ನಾನು ನೋಡಿದೀನಿ, ಆ ನೋವಿಗೆ ನಮ್ಮ ಹತ್ರ ಇಂಜೆಕ್ಷನ್ ಇಲ್ಲ, ಮನೆಯವರೇ ಔಷಧಿ. ಎರಡು ವಾರ ಕಳೆದ್ರೂ ಅಳು, ನಿದ್ದೆ ಇಲ್ಲ, ಊಟ ಬೇಡ, ಸಾಯ್ಬೇಕು ಅನ್ನೋ ಮಾತು ಇದ್ರೆ ಅದು ಖಿನ್ನತೆ. ಇಲ್ಲದ ದನಿ ಕೇಳೋದು, ಯಾರೋ ಮಗುನ ಬದಲಾಯಿಸಿದಾರೆ ಅನ್ನೋದು, ರಾತ್ರಿಯಿಡೀ ಮಾತಾಡೋದು ಶುರುವಾದ್ರೆ ಅವಳನ್ನೂ ಮಗುನೂ ಒಂಟಿ ಬಿಡ್ಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಾದ್ರೂ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ರನ್ನೂ ಒಟ್ಟಿಗೆ ಇಟ್ಕೊಂಡು ನೋಡೋ ವಾರ್ಡೇ ಇದೆ.

ಹೊಲಿಗೆ ಬಿಚ್ಚಬೇಕಾ?

ಕೆಳಗಿನ ಹೊಲಿಗೆ ಸಾಮಾನ್ಯವಾಗಿ ತಾನೇ ಕರಗತ್ತೆ. ಪ್ಯಾಡ್ 4-6 ಗಂಟೆಗೊಮ್ಮೆ ಬದಲಾಯಿಸಿ, ಮುಂದಿನಿಂದ ಹಿಂದಕ್ಕೆ ತೊಳ್ಕೊಳ್ಳಿ, ಒರೆಸಿ ಒಣಗಿಸಿ. ಸಿಸೇರಿಯನ್ ಹೊಲಿಗೆಗೆ ಯಾವತ್ತು ಬರ್ಬೇಕು ಅಂತ ಚೀಟೀಲಿ ಬರೆದಿರತ್ತೆ.

ಮಾತ್ರೆ ಎಷ್ಟು ದಿನ? ಕಬ್ಬಿಣದ ಮಾತ್ರೆ ತಗೊಂಡ್ರೆ ಮಲ ಕಪ್ಪಾಗತ್ತೆ.

ಕಪ್ಪಾಗತ್ತೆ, ತೊಂದರೆ ಇಲ್ಲ. ದಿನಕ್ಕೊಂದು ಹಾಗೆ 180 ದಿನ. ಕ್ಯಾಲ್ಸಿಯಂ ಕೂಡ 6 ತಿಂಗಳು, ಆದ್ರೆ ಎರಡನ್ನೂ ಒಟ್ಟಿಗೆ ನುಂಗಬೇಡಿ, ಕನಿಷ್ಠ 2 ಗಂಟೆ ಅಂತರ ಇರ್ಲಿ. ಕಬ್ಬಿಣದ ಮಾತ್ರೆ ಟೀ ಕಾಫಿ ಜೊತೆ ಬೇಡ, ನಿಂಬೆ ಪಾನಕದ ಜೊತೆ ಆದ್ರೆ ಚೆನ್ನಾಗಿ ಹೀರ್ಕೊಳ್ಳತ್ತೆ. ತಾಯಿ ರಕ್ತದ ಗುಂಪು ನೆಗೆಟಿವ್, ಮಗುದು ಪಾಸಿಟಿವ್ ಇದ್ರೆ 72 ಗಂಟೆ ಒಳಗೆ ಆ್ಯಂಟಿ-ಡಿ ಇಂಜೆಕ್ಷನ್ ಆಗಿದೆಯಾ ಅಂತ ನೀವೇ ಕೇಳಿ.

ಮುಟ್ಟು ಬಂದಿಲ್ಲ ಅಂದ್ರೆ ಬಸುರಿ ಆಗಲ್ವಲ್ಲ?

ಆಗಬಹುದು. ಮುಟ್ಟಿಗೆ ಮೊದಲೇ ಅಂಡ ಬಿಡುಗಡೆ ಆಗತ್ತೆ. ವಂಕಿ (ಕಾಪರ್-ಟಿ) ಹೆರಿಗೆ ಆದ 48 ಗಂಟೆ ಒಳಗೇ ಹಾಕಿಸ್ಕೋಬಹುದು, ವಾರದ ಲೆಕ್ಕದಲ್ಲಿ ತಗೊಳ್ಳೋ ಛಾಯಾ ಮಾತ್ರೆ, 6 ವಾರದ ಮೇಲೆ 3 ತಿಂಗಳಿಗೊಮ್ಮೆ ಅಂತರಾ ಇಂಜೆಕ್ಷನ್, ಇವ್ಯಾವುದ್ರಿಂದಲೂ ಹಾಲು ಕಮ್ಮಿ ಆಗಲ್ಲ. ಸರ್ಕಾರಿ ಆಸ್ಪತ್ರೇಲಿ ಫ್ರೀ. ನಿರ್ಧಾರ ನಿಮ್ಮದು, ಅತ್ತೆ ಮುಂದೆ ಹೇಳೋಕೆ ಸಂಕೋಚ ಆದ್ರೆ ನಮ್ಮನ್ನ ಪಕ್ಕಕ್ಕೆ ಕರೀರಿ.

ಹುಟ್ಟಿದ ತಕ್ಷಣ ಅಷ್ಟು ಸಣ್ಣ ಮಗುಗೆ ಇಷ್ಟೊಂದು ಇಂಜೆಕ್ಷನ್ ಯಾಕೆ?

ಒಂದು ವಿಟಮಿನ್ ಕೆ, ರಕ್ತಸ್ರಾವ ತಡೆಯೋಕೆ. ಬಿಸಿಜಿ ಕ್ಷಯಕ್ಕೆ, ಹೆಪಟೈಟಿಸ್ ಬಿ 24 ಗಂಟೆ ಒಳಗೆ, ಬಾಯಿಗೆ ಪೋಲಿಯೋ ಹನಿ. ಬಿಸಿಜಿ ಜಾಗದಲ್ಲಿ ಕೆಲವು ವಾರ ಬಿಟ್ಟು ಗುಳ್ಳೆ ಬರತ್ತೆ, ಬರ್ಬೇಕಾದ್ದೇ, ಒಡೀಬೇಡಿ. ಮುಂದಿನದು ಒಂದೂವರೆ ತಿಂಗಳಿಗೆ.

ಯಾವತ್ತು ಮನೆಗೆ ಕಳಿಸ್ತೀರಾ? ದುಡ್ಡು ಕಟ್ಟಬೇಕಾ?

ನಾರ್ಮಲ್ ಆದ್ರೂ 48 ಗಂಟೆ ಇರಿ, ಒಳ್ಳೇ ದಿನ ಅಲ್ಲ, ರಾಹುಕಾಲ ಬರತ್ತೆ ಅಂತ ಬೇಗ ಹೊರಡಬೇಡಿ. ಸರ್ಕಾರಿ ಆಸ್ಪತ್ರೇಲಿ 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಹೆರಿಗೆ, ಸಿಸೇರಿಯನ್, ಔಷಧಿ, ಟೆಸ್ಟು, ರಕ್ತ, ಊಟ, ಮನೆಗೆ ಬಿಡೋ ಗಾಡಿ ಎಲ್ಲ ಉಚಿತ. ಯಾರಾದ್ರೂ ದುಡ್ಡು ಕೇಳಿದ್ರೆ ಕೊಡ್ಬೇಡಿ, ಗಂಡು ಹುಟ್ಟಿದ್ರೆ ಇಷ್ಟು, ಹೆಣ್ಣು ಹುಟ್ಟಿದ್ರೆ ಇಷ್ಟು ಅನ್ನೋ ಲೆಕ್ಕ ಎಲ್ಲೂ ಇಲ್ಲ. ಜನನ 21 ದಿನದೊಳಗೆ ನೋಂದಣಿ ಆಗ್ಬೇಕು, ಆಸ್ಪತ್ರೇಲಿ ಹುಟ್ಟಿದ್ರೆ ನಾವೇ ಕಳಿಸ್ತೀವಿ, ತಂದೆ ತಾಯಿ ಹೆಸರಿನ ಸ್ಪೆಲ್ಲಿಂಗ್ ಆಧಾರ್ ಥರಾನೇ ಇದೆಯಾ ಅಂತ ಹೊರಡೋ ಮೊದಲು ನೋಡ್ಕೊಳ್ಳಿ.

ಮನೆಗೆ ಹೋದ್ಮೇಲೆ ಆಶಾ ಅಕ್ಕ 3, 7, 14, 21, 28, 42ನೇ ದಿನ ಬರ್ತಾರೆ, ಮಗು ತೂಕ, ಜ್ವರ ನೋಡ್ತಾರೆ. ತವರಿಗೆ ಹೋಗಿದ್ರೆ ಅಲ್ಲಿನ ಆಶಾಗೆ ತಿಳಿಸಿ, ಇಲ್ಲಾಂದ್ರೆ ಎರಡೂ ಊರಿನವರು ಇನ್ನೊಬ್ರು ನೋಡ್ತಿದಾರೆ ಅಂತ ಅಂದ್ಕೊಂಡು ಈ ಭೇಟಿಗಳೇ ತಪ್ಪಿಹೋಗತ್ತೆ.

ರಾತ್ರಿ ಹೊತ್ತು ಏನಾದ್ರೂ ಆದ್ರೆ?

108ಕ್ಕೆ ಫೋನ್ ಮಾಡಿ. ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ ಎರಡೂ ಒಂದೇ ಕವರಲ್ಲಿ ಹಾಕಿ ಬಾಗಿಲ ಹತ್ರ ಮೊಳೆಗೆ ನೇತುಹಾಕಿರಿ. ಮಗುನೂ ಜೊತೇಲಿ ಕರ್ಕೊಂಡು ಬನ್ನಿ, ಹಾಲಿಗೆ ಬೇಕಾಗತ್ತೆ. ಎಮರ್ಜೆನ್ಸೀಲಿ ಕಾಲಿಟ್ಟ ತಕ್ಷಣ "ಜ್ವರ", "ತಲೆನೋವು" ಅಂತ ಶುರು ಮಾಡ್ಬೇಡಿ, "ಹೆರಿಗೆ ಆಗಿ ಇಷ್ಟು ದಿನ ಆಯ್ತು" ಅನ್ನೋದನ್ನ ಮೊದಲು ಹೇಳಿ, ಆಮೇಲೆ ಉಳಿದಿದ್ದು. ಬುರ್ಖಾ, ಶಾಲು, ಸ್ವೆಟರ್ ಹೊದ್ದು ಬಂದಿರೋ ಹೆಣ್ಣುಮಗಳನ್ನ ನೋಡಿದ್ರೆ ಬಾಣಂತಿ ಅಂತ ಡ್ಯೂಟಿ ಡಾಕ್ಟರಿಗೆ ಗೊತ್ತಾಗಲ್ಲ, ಆ ಒಂದು ಸಾಲು ಕೇಳಿದ್ರೆ ಕ್ಯೂ ಬಿಟ್ಟು ಒಳಗೆ ಕರೀತಾರೆ.